ಫ್ಲೋಟ್ ಲೆಕ್ಕ ತಪ್ಪುತ್ತಿದೆಯೇ? ಬಿಟ್ ಬಿಚ್ಚಿ ನೋಡಿ: ಸಿ ಪ್ರೋಗ್ರಾಮರ್‌ಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಒಂದು ಟೆಸ್ಟ್ ಯಂತ್ರಕ್ಕೆ ಸಮಯ ಎಣಿಸುವ ಕೋಡ್ ಬರೆದಿದ್ದೆ. ಪ್ರತಿ 10 ಮಿಲಿಸೆಕೆಂಡಿಗೆ ಒಂದು ಟೈಮರ್ ಇಂಟರಪ್ಟ್ (ಹೊತ್ತಾಯಿತು ಎಂದು ಹಾರ್ಡ್‌ವೇರ್ ಪ್ರೊಸೆಸರನ್ನು ಎಚ್ಚರಿಸುವ ಸಂಕೇತ) ಬರುತ್ತಿತ್ತು. ಬಂದಾಗಲೆಲ್ಲ ಒಂದು ಫ್ಲೋಟ್ ವೇರಿಯಬಲ್‌ಗೆ, ಅಂದರೆ ದಶಮಾಂಶ ಸಂಖ್ಯೆಯನ್ನು 32 ಬಿಟ್‌ನಲ್ಲಿ ಇಡುವ ಜಾಗಕ್ಕೆ, 0.01 ಕೂಡಿಸುತ್ತಿದ್ದೆ. ಅಷ್ಟೇ ಕೆಲಸ. ಒಂದು ಗಂಟೆ ಓಡಿಸಿ ನೋಡಿದೆ. ಮೂರು ಸೆಕೆಂಡಿನಷ್ಟು ಮುಂದೆ ಹೋಗಿತ್ತು. ಬೋರ್ಡಿಗೆ ತಾಳ ಕೊಡುವ ಕ್ರಿಸ್ಟಲ್ ಸ್ವಲ್ಪ ಆಚೀಚೆ ಇರಬೇಕು ಅಂದುಕೊಂಡು ಸುಮ್ಮನಾದೆ.

ಶುಕ್ರವಾರ ಸಂಜೆ ಆರಕ್ಕೆ ಓಡಲು ಬಿಟ್ಟು ಮನೆಗೆ ಹೋದೆ. ಸೋಮವಾರ ಮಧ್ಯಾಹ್ನ ಬಂದು ನೋಡಿದರೆ ತೆರೆಯ ಮೇಲೆ 262144.00 ಎಂದು ನಿಂತುಬಿಟ್ಟಿದೆ. ಒಂದು ಅಂಕಿಯೂ ಕದಲುತ್ತಿಲ್ಲ. ಆದರೆ ಇಂಟರಪ್ಟ್ ಬಂದಾಗ ಮಿಟುಕುವ ಎಲ್‌ಇಡಿ ಮಾತ್ರ ಮಿಟುಕುತ್ತಲೇ ಇದೆ. ಅಂದರೆ ಪ್ರೋಗ್ರಾಮ್ ಹ್ಯಾಂಗ್ ಆಗಿಲ್ಲ. ಕೂಡಿಸುವ ಸಾಲು ಸೆಕೆಂಡಿಗೆ ನೂರು ಸಲ ಓಡುತ್ತಿದೆ. ಕೂಡಿದ್ದು ಮಾತ್ರ ಸೇರುತ್ತಿಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ಆರು ಗಂಟೆಯಿಂದ ಅಷ್ಟು ಹೊತ್ತಿಗೆ ಎಷ್ಟೇ ಎಣಿಸಿದರೂ ಸುಮಾರು 2 ಲಕ್ಷ 40 ಸಾವಿರ ಸೆಕೆಂಡುಗಳಷ್ಟೇ ಆಗಿದ್ದವು. ಗಡಿಯಾರ ನಿಲ್ಲುವ ಮೊದಲು ನಿಜವಾದ ಸಮಯವನ್ನೇ ದಾಟಿ ಓಡಿತ್ತು.

262144 ಎಂಬ ಸಂಖ್ಯೆಯೇ ಸುಳಿವು. ಅದು 2ರ 18ನೇ ಘಾತ. ಫ್ಲೋಟ್ ಇರುವ ಪ್ರೋಗ್ರಾಮ್ 2ರ ಘಾತದ ಹತ್ತಿರ ಎಡವಿದರೆ ಹಾರ್ಡ್‌ವೇರ್ ಬಿಚ್ಚಬೇಡಿ. ಆ ಸಂಖ್ಯೆ ಮೆಮೊರಿಯಲ್ಲಿ ಹೇಗೆ ಕೂತಿದೆ ಎಂದು ಮೊದಲು ನೋಡಿ.

ಮೊದಲು ಪ್ರಿಂಟ್ ಸಾಲನ್ನು ಸರಿ ಮಾಡಿ

ಫ್ಲೋಟ್ ದೋಷ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಸಂಖ್ಯೆ ಎಲ್ಲಿ ಕೆಟ್ಟಿತು? ಒಳಗೆ ಬರುವಾಗಲೋ, ಲೆಕ್ಕದ ನಡುವೆಯೋ, ತೆರೆಗೆ ಹೋಗುವಾಗಲೋ? ಇದು ಗೊತ್ತಾಗದೆ ಕೋಡ್ ತಿದ್ದಲು ಹೋದರೆ ಇಡೀ ದಿನ ಹಾಳು.

ತೆರೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್‌ನ ಮಾಮೂಲಿ %ಎಫ್ ಇಲ್ಲಿ ನಮಗೆ ಮೋಸ ಮಾಡುತ್ತದೆ. ಅದು ಬಿಂದುವಿನ ನಂತರ ಆರು ಅಂಕಿ ತೋರಿಸಿ ಉಳಿದದ್ದನ್ನು ದುಂಡು ಮಾಡಿಬಿಡುತ್ತದೆ. 0.1 ಇಟ್ಟು %ಎಫ್ ಕೊಟ್ಟರೆ 0.100000 ಎಂದು ಚೊಕ್ಕವಾಗಿ ಕಾಣುತ್ತದೆ. ಅದನ್ನು %.9ಜಿ ಮಾಡಿ. ಈಗ 0.100000001 ಬರುತ್ತದೆ. ಡಬಲ್ (ಫ್ಲೋಟ್‌ನ ಎರಡರಷ್ಟು, 64 ಬಿಟ್‌ನದು) ಆದರೆ %.17ಜಿ ಬಳಸಿ, 0.10000000000000001 ಕಾಣಿಸುತ್ತದೆ. ಫ್ಲೋಟ್‌ಗೆ 9, ಡಬಲ್‌ಗೆ 17 ಅಂಕಿ ಯಾಕೆ? ಅಷ್ಟು ಅಂಕಿ ಬರೆದಿಟ್ಟು ಮತ್ತೆ ಓದಿಸಿಕೊಂಡರೆ ಅದೇ ಬಿಟ್‌ಗಳು ವಾಪಸ್ ಸಿಗುತ್ತವೆ. ಅದಕ್ಕಿಂತ ಕಡಿಮೆ ಆದರೆ ಆ ಭರವಸೆ ಇಲ್ಲ. ಲಾಗ್ ಫೈಲಿಗೆ ಫ್ಲೋಟ್ ಬರೆಯುವವರು ಇದನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಆಮೇಲೆ ಬಿಟ್ ನೋಡಿ

ಇದಕ್ಕೆ ಒಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಳ್ಳಿ. 32 ಬಿಟ್‌ನ ಅನ್‌ಸೈನ್ಡ್ ವೇರಿಯಬಲ್ ಒಂದನ್ನು ತೆಗೆದುಕೊಳ್ಳಿ. ಮೆಮ್‌ಕಾಪಿ ಬಳಸಿ ಫ್ಲೋಟ್‌ನ ನಾಲ್ಕು ಬೈಟ್‌ಗಳನ್ನು ಅದಕ್ಕೆ ನಕಲು ಮಾಡಿ. ನಂತರ 31ನೇ ಬಿಟ್‌ನಿಂದ 0 ವರೆಗೆ ಒಂದು ಲೂಪ್ ಓಡಿಸಿ, ಬಲಕ್ಕೆ ಶಿಫ್ಟ್ ಮಾಡುತ್ತ 1 ಅಥವಾ 0 ಪ್ರಿಂಟ್ ಮಾಡಿ. 31ನೇ ಬಿಟ್ ಆದ ಮೇಲೆ ಒಂದು ಖಾಲಿ ಜಾಗ, 23ನೇ ಬಿಟ್ ಆದ ಮೇಲೆ ಇನ್ನೊಂದು. ಹತ್ತು ಸಾಲು ಕೂಡ ಆಗುವುದಿಲ್ಲ.

ಫ್ಲೋಟ್ ಪಾಯಿಂಟರನ್ನು ಇಂಟ್ (ಪೂರ್ಣಾಂಕ) ಪಾಯಿಂಟರ್ ಆಗಿ ಕಾಸ್ಟ್ ಮಾಡಿ, ಅಂದರೆ ಬಗೆ ಬದಲಿಸಿ, ಓದುವ ಅಡ್ಡದಾರಿ ಬಹಳ ಕಡೆ ಕಾಣುತ್ತದೆ. ಅದು ಬೇಡ. ಒಂದು ಬಗೆಯ ಡೇಟಾವನ್ನು ಇನ್ನೊಂದು ಬಗೆಯ ಪಾಯಿಂಟರ್‌ನಿಂದ ಓದಬಾರದು ಎನ್ನುವ ಸಿ ಭಾಷೆಯ ಏಲಿಯಾಸಿಂಗ್ ನಿಯಮ ಅದನ್ನು ಒಪ್ಪುವುದಿಲ್ಲ. ಆಪ್ಟಿಮೈಸೇಷನ್ ಹಾಕಿದ ದಿನ ನಿಮ್ಮ ಪರೀಕ್ಷೆಯ ಕೋಡೇ ಸುಳ್ಳು ಹೇಳಲು ಶುರು ಮಾಡಬಹುದು.

ಈ ಫಂಕ್ಷನ್‌ಗೆ 5.75 ಕೊಟ್ಟು ನೋಡಿ:

0 10000001 01110000000000000000000

ಎಡಗಡೆಯ ಒಂಟಿ ಬಿಟ್ ಸೈನ್ ಬಿಟ್. 0 ಎಂದರೆ ಧನ, 1 ಎಂದರೆ ಋಣ. ನಡುವಿನ 8 ಬಿಟ್ ಎಕ್ಸ್‌ಪೋನೆಂಟ್, ಅಂದರೆ 2ರ ಘಾತ. ಬಲಗಡೆಯ 23 ಬಿಟ್ ಮ್ಯಾಂಟಿಸಾ, ಅಂದರೆ ಸಂಖ್ಯೆಯ ಅಂಕಿಗಳು. 5.75 ಅನ್ನು ಬೈನರಿಯಲ್ಲಿ ಬರೆದರೆ 101.11. ಬಿಂದುವನ್ನು ಎರಡು ಮನೆ ಎಡಕ್ಕೆ ಸರಿಸಿದರೆ 1.0111, ಜೊತೆಗೆ 2ರ 2ನೇ ಘಾತ. ಆ 2ಕ್ಕೆ 127 ಕೂಡಿಸಿ 129 ಎಂದು ಬರೆದಿಡುತ್ತಾರೆ. ಹೀಗೆ ಕೂಡಿಸುವುದರಿಂದ ಋಣ ಘಾತಕ್ಕೆ ಬೇರೆ ಚಿಹ್ನೆ ಬೇಕಾಗುವುದಿಲ್ಲ. ಸೊನ್ನೆ ಮತ್ತು ತೀರಾ ಸಣ್ಣ ಸಂಖ್ಯೆಗಳನ್ನು ಬಿಟ್ಟರೆ ಬಿಂದುವಿನ ಎಡಕ್ಕಿರುವ 1 ಯಾವಾಗಲೂ ಇದ್ದೇ ಇರುತ್ತದೆ ಅಲ್ವಾ? ಅದಕ್ಕೇ ಅದನ್ನು ಬರೆಯುವುದೇ ಇಲ್ಲ. ಒಂದು ಬಿಟ್ ಪುಕ್ಕಟೆ ಸಿಕ್ಕ ಹಾಗೆ. ಹಾಗಾಗಿ ಕೈಯಲ್ಲಿರುವುದು 23 ಬಿಟ್, ನಿಖರತೆ 24 ಬಿಟ್‌ನದು.

ಡಬಲ್‌ನಲ್ಲೂ ಇದೇ ವ್ಯವಸ್ಥೆ. ಅಲ್ಲಿ ಎಕ್ಸ್‌ಪೋನೆಂಟ್ 11 ಬಿಟ್, ಮ್ಯಾಂಟಿಸಾ 52 ಬಿಟ್, ಕೂಡಿಸುವ ಸಂಖ್ಯೆ 1023. ಸಿ ಭಾಷೆಯೇ ಇದನ್ನು ಕಡ್ಡಾಯ ಮಾಡಿಲ್ಲ. ಆದರೆ ಇಂದು ನೀವು ಮುಟ್ಟುವ ಹೆಚ್ಚುಕಡಿಮೆ ಎಲ್ಲ ಪ್ರೊಸೆಸರ್‌ಗಳೂ ಐಇಇಇ 754 ಎಂಬ ಮಾನದಂಡವನ್ನೇ ಪಾಲಿಸುತ್ತವೆ. ಅದು 1985ರಲ್ಲಿ ಬಂತು. ಅದಕ್ಕೆ ಮುಂಚೆ ಒಂದೊಂದು ಕಂಪನಿಯ ಯಂತ್ರದಲ್ಲಿ ಒಂದೊಂದು ಥರ ಲೆಕ್ಕ ನಡೆಯುತ್ತಿತ್ತು. ಅದನ್ನು ಒಂದು ಹದಕ್ಕೆ ತರಲು ಮುಖ್ಯವಾಗಿ ದುಡಿದ ವಿಲಿಯಂ ಕಹಾನ್ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು.

ಈಗ 0.1. ಕೈಯಲ್ಲೇ ಮಾಡಿ ನೋಡಿ, ಒಮ್ಮೆ ಮಾಡಿದರೆ ಮರೆಯುವುದಿಲ್ಲ. 0.1 ಅನ್ನು ಎರಡರಿಂದ ಗುಣಿಸಿ: 0.2, ಬಿಂದುವಿನ ಎಡಕ್ಕೆ 0. ಮತ್ತೆ ಗುಣಿಸಿ: 0.4, 0. ಮತ್ತೆ: 0.8, 0. ಮತ್ತೆ: 1.6, ಈಗ 1 ಸಿಕ್ಕಿತು. ಅದನ್ನು ತೆಗೆದು 0.6 ಅನ್ನು ಗುಣಿಸಿ: 1.2, ಮತ್ತೆ 1. ಉಳಿದದ್ದು 0.2. ಅರೆ, 0.2 ಆಗಲೇ ಬಂದಿತ್ತಲ್ಲ! ಇಲ್ಲಿಂದ ಚಕ್ರ ತಿರುಗುತ್ತಲೇ ಇರುತ್ತದೆ: 0.000110011001100... ಮುಗಿಯುವುದೇ ಇಲ್ಲ. ಮೂರರಿಂದ ಒಂದನ್ನು ಭಾಗಿಸಿದರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆಯೇ. 23 ಬಿಟ್ ಆದ ಮೇಲೆ ಜಾಗ ಮುಗಿಯುತ್ತದೆ. ಅಲ್ಲಿ ಕತ್ತರಿಸಿ ಹತ್ತಿರದ ಸಂಖ್ಯೆಗೆ ದುಂಡು ಮಾಡುತ್ತಾರೆ:

0 01111011 10011001100110011001101

ಕೊನೆಯ ನಾಲ್ಕು ಬಿಟ್ ನೋಡಿ. 1100 ಇರಬೇಕಾದ ಕಡೆ 1101 ಇದೆ. ಮೇಲಕ್ಕೆ ದುಂಡು ಮಾಡಿದ ಗುರುತು ಅದು. ಮೆಮೊರಿಯಲ್ಲಿ ಈಗ ಇರುವುದು 0.100000001490116119384765625. ನೀವು ಟೈಪ್ ಮಾಡಿದ 0.1 ಒಳಗೆ ಹೋಗಲೇ ಇಲ್ಲ. ಅದರ ನೆರೆಯವನು ಹೋಗಿ ಕೂತ. ಫ್ಲೋಟ್ ದೋಷಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಕೂಡಿಸಿದರೂ ಸೇರುತ್ತಿಲ್ಲ

ಈಗ ನನ್ನ ಗಡಿಯಾರಕ್ಕೆ ಬರೋಣ. 2ರ ಒಂದು ಘಾತದಿಂದ ಮುಂದಿನ ಘಾತದವರೆಗೆ ಫ್ಲೋಟ್‌ನಲ್ಲಿ ಸರಿಯಾಗಿ 83,88,608 ಸಂಖ್ಯೆಗಳಿರುತ್ತವೆ. 1ರಿಂದ 2ರ ನಡುವೆಯೂ ಅಷ್ಟೇ, 1,31,072ರಿಂದ 2,62,144ರ ನಡುವೆಯೂ ಅಷ್ಟೇ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ಪಕ್ಕಪಕ್ಕದ ಫ್ಲೋಟ್‌ಗಳ ನಡುವಿನ ಅಂತರ ಜಾಸ್ತಿ. ಅಳತೆಪಟ್ಟಿಯ ಗೆರೆಗಳು ದೂರ ಹೋದಂತೆಲ್ಲ ವಿರಳವಾಗುತ್ತ ಹೋದ ಹಾಗೆ.

65,536 ದಾಟಿದ ಮೇಲೆ ಗೆರೆಗಳ ಅಂತರ 0.0078125. ಅಲ್ಲಿ 0.01 ಕೂಡಿಸಿದರೆ ಹತ್ತಿರದ ಗೆರೆಗೆ ಬಂದು ಬೀಳುತ್ತದೆ, ಅಂದರೆ ನಿಜವಾಗಿ ಕೂಡುವುದು 0.0078125. ಗಡಿಯಾರ ನಿಧಾನವಾಗುತ್ತದೆ. 1,31,072 ದಾಟಿದರೆ ಅಂತರ 0.015625. ಈಗ ಪ್ರತಿ ಸಲ ಅಷ್ಟು ಪೂರ್ತಿ ಕೂಡುತ್ತದೆ. ಗಡಿಯಾರ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತದೆ. 2,62,144ಕ್ಕೆ ಬಂದಾಗ ಅಂತರ 0.03125. ಅದರ ಅರ್ಧ 0.015625. ನಾನು ಕೂಡಿಸುವ 0.01 ಆ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಉತ್ತರ ಮತ್ತೆ ಹಳೆಯ ಗೆರೆಗೇ ವಾಪಸ್. ಇನ್ನು ಎಷ್ಟು ಕೋಟಿ ಸಲ ಕೂಡಿಸಿದರೂ ಅಲ್ಲೇ.

ಇಂಟರಪ್ಟ್‌ಗಳನ್ನು ಹಂತ ಹಂತವಾಗಿ ಲೆಕ್ಕ ಹಾಕಿದೆ. ಓಡಲು ಬಿಟ್ಟ ಸುಮಾರು ಅರವತ್ತಮೂರೂವರೆ ಗಂಟೆಗೆ ಅದು ನಿಂತಿರಬೇಕು. ಅಂದರೆ ಸೋಮವಾರ ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ. ಆ ಮೊದಲ ಗಂಟೆಯ ಮೂರು ಸೆಕೆಂಡ್ ಕೂಡ ಇದೇ ರೋಗದ ಲಕ್ಷಣ, ಕ್ರಿಸ್ಟಲ್‌ದಲ್ಲ. ಕ್ರಿಸ್ಟಲ್ ಒಂದು ಗಂಟೆಯಲ್ಲಿ ಅಷ್ಟು ತಪ್ಪುವುದಿಲ್ಲ. ಅವತ್ತೇ ಹಿಂದುಮುಂದಿನ ಎರಡು ಬೆಲೆಗಳನ್ನು ಕೋಡಿನಲ್ಲೇ ಕಳೆದು %.9ಜಿ ಹಾಕಿ ನೋಡಿದ್ದರೆ ಹೆಜ್ಜೆ 0.01 ಅಲ್ಲ, 0.0100097656 ಆಗಿರುವುದು ಕಾಣುತ್ತಿತ್ತು.

ಸಮಯವನ್ನು ದಶಮಾಂಶದ ತುಂಡುಗಳಲ್ಲಿ ಕೂಡಿಸುವುದು ಎಷ್ಟು ಅಪಾಯ ಎನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗಗಳನ್ನು ಎಣಿಸಿ, 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಅದು ಫ್ಲೋಟ್ ಅಲ್ಲ, ಫಿಕ್ಸ್ಡ್ ಪಾಯಿಂಟ್, ಅಂದರೆ ಬಿಂದುವಿನ ಜಾಗ ಬದಲಾಗದ ಲೆಕ್ಕ. ಆದರೆ ಮೇಲೆ ಕೈಯಲ್ಲಿ ಗುಣಿಸಿ ನೋಡಿದ ಮುಗಿಯದ 0.1 ಅದೇ. ಸುಮಾರು 100 ಗಂಟೆ ಸತತ ಓಡಿದ ಮೇಲೆ ಸುಮಾರು 0.34 ಸೆಕೆಂಡ್ ವ್ಯತ್ಯಾಸ ಬಂದಿತ್ತು. ಅಷ್ಟು ಸಾಕಾಯಿತು. ಇದನ್ನು ಓದಿದ ಮೇಲೆ ನಾನು ಟೈಮರ್ ಕೋಡನ್ನು ಹಗುರವಾಗಿ ತೆಗೆದುಕೊಂಡಿಲ್ಲ.

ಇದೇ ಜಾತಿಯ ಇನ್ನೊಂದು ಲಕ್ಷಣ: 123456789 ಅನ್ನು ಫ್ಲೋಟ್‌ನಲ್ಲಿಟ್ಟು ಪ್ರಿಂಟ್ ಮಾಡಿದರೆ 123456792 ಬರುತ್ತದೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಗೆರೆಗಳ ಅಂತರ 8. ಫ್ಲೋಟ್ ಎಲ್ಲ ಪೂರ್ಣಾಂಕಗಳನ್ನೂ ಬಿಡದೆ ಹಿಡಿಯುವುದು 1,67,77,216ರವರೆಗೆ ಮಾತ್ರ. ಐಡಿ ಸಂಖ್ಯೆ, ಬೈಟ್‌ಗಳ ಎಣಿಕೆ ಇಂಥವನ್ನು ಫ್ಲೋಟ್‌ಗೆ ಹಾಕಲೇಬೇಡಿ.

ಇಫ್ ಒಳಗೆ ಹೋಗುತ್ತಿಲ್ಲ, ಅಥವಾ ಹೋಗಬಾರದಾಗ ಹೋಗುತ್ತಿದೆ

ಫ್ಲೋಟ್ ವೇರಿಯಬಲ್ ಒಂದಕ್ಕೆ 0.7 ಕೊಟ್ಟು, ಅದು 0.7ಕ್ಕಿಂತ ಕಡಿಮೆಯೇ ಎಂದು ಕೇಳಿ. ಹೌದು ಎನ್ನುತ್ತದೆ! ಸಿ ಕಲಿಯುವಾಗ ಈ ಪ್ರಶ್ನೆಗೆ ಬೆಚ್ಚದವರು ಕಡಿಮೆ. ಕಾರಣ ಸರಳ. ಕೋಡಿನಲ್ಲಿ ಬರಿದೇ 0.7 ಎಂದು ಬರೆದರೆ ಅದು ಡಬಲ್. ವೇರಿಯಬಲ್‌ನಲ್ಲಿರುವುದು ಫ್ಲೋಟ್, ಅದರ ಬೆಲೆ 0.699999988. ಹೋಲಿಸುವಾಗ ಫ್ಲೋಟನ್ನು ಡಬಲ್ ಮಾಡುತ್ತಾರೆ, ಆದರೆ ಕಳೆದುಹೋದ ಬಿಟ್‌ಗಳು ವಾಪಸ್ ಬರುವುದಿಲ್ಲ. 0.1ರಲ್ಲಿ ಇದೇ ಉಲ್ಟಾ, ಫ್ಲೋಟೇ ದೊಡ್ಡದು. 0.5ರಲ್ಲಿ ಎರಡೂ ಸಮ, ಯಾಕೆಂದರೆ 0.5 ಬೈನರಿಯಲ್ಲಿ ಒಂದೇ ಬಿಟ್‌ಗೆ ಮುಗಿಯುತ್ತದೆ. ಸ್ಥಿರಸಂಖ್ಯೆಯ ಬಾಲಕ್ಕೆ ಎಫ್ ಅಕ್ಷರ ಸೇರಿಸಿ 0.7ಎಫ್ ಎಂದು ಬರೆದರೆ ಈ ಒಂದು ತೊಂದರೆ ಹೋಗುತ್ತದೆ.

ಲೂಪ್‌ನಲ್ಲಿ ಅದೂ ಸಾಲದು. ಸೊನ್ನೆಯಿಂದ ಶುರು ಮಾಡಿ ಹತ್ತು ಸಲ 0.1 ಕೂಡಿಸಿ. ಫ್ಲೋಟ್‌ನಲ್ಲಿ 1.00000012, ಡಬಲ್‌ನಲ್ಲಿ 0.99999999999999989. ಒಂದು ದಾಟುತ್ತದೆ, ಇನ್ನೊಂದು ಮುಟ್ಟುವುದಿಲ್ಲ. "1.0 ಆಗುವವರೆಗೆ ಓಡು" ಎಂದು ಬರೆದ ಲೂಪ್ ಎರಡರಲ್ಲೂ ನಿಲ್ಲುವುದಿಲ್ಲ. ಲೂಪ್ ಎಣಿಕೆಗೆ ಇಂಟ್ ಇಟ್ಟುಕೊಂಡು, ಒಳಗೆ ಅದನ್ನು 10ರಿಂದ ಭಾಗಿಸಿ. ಭಾಗಿಸುವಾಗ 10.0 ಎಂದೇ ಬರೆಯಿರಿ. ಬರೀ 10 ಬರೆದರೆ ಇಂಟ್ ಭಾಗಾಕಾರವಾಗಿ ಸೊನ್ನೆ ಬರುತ್ತದೆ.

ಎರಡು ಫ್ಲೋಟ್ ಹೋಲಿಸಲೇಬೇಕಾದರೆ ವ್ಯತ್ಯಾಸದ ಗಾತ್ರ ನೋಡಿ. ಆ ಮಿತಿ ಸಂಖ್ಯೆಗಳ ಗಾತ್ರಕ್ಕೆ ತಕ್ಕಂತೆ ಇರಬೇಕು. 0.000001 ಎಂಬ ಒಂದೇ ಮಿತಿಯನ್ನು ಎಲ್ಲ ಕಡೆ ಹಾಕುವವರನ್ನು ನೋಡಿದ್ದೇನೆ. ಲಕ್ಷಗಳಲ್ಲಿರುವ ಫ್ಲೋಟ್‌ಗಳಿಗೆ ಅದು ಗೆರೆಗಳ ಅಂತರಕ್ಕಿಂತಲೂ ಚಿಕ್ಕದು, ಅಂದರೆ ಸುಮ್ನೆ == ಹಾಕಿದ ಹಾಗೆಯೇ. ಎರಡರಲ್ಲಿ ದೊಡ್ಡ ಸಂಖ್ಯೆಯನ್ನು ಸಣ್ಣ ಗುಣಕದಿಂದ ಗುಣಿಸಿ ಮಿತಿ ಮಾಡಿ. ಸೊನ್ನೆಯ ಹತ್ತಿರಕ್ಕೆ ಮಾತ್ರ ಬೇರೆ ಸ್ಥಿರ ಮಿತಿ ಇಡಿ.

ಇಲ್ಲೊಂದು ಕಳ್ಳ ದೋಷ ಅಡಗಿರುತ್ತದೆ. ವ್ಯತ್ಯಾಸದ ಗಾತ್ರಕ್ಕೆ ಫ್ಯಾಬ್ಸ್ ಬದಲು ಆಬ್ಸ್ ಬರೆದುಬಿಡುತ್ತೇವೆ, ಆದರೆ ಆಬ್ಸ್ ಇಂಟ್‌ಗೆ ಮಾಡಿದ್ದು. 0.3 ಕೊಟ್ಟರೆ ಸೊನ್ನೆ ಮಾಡಿಕೊಳ್ಳುತ್ತದೆ. ಆಗ 5.2 ಮತ್ತು 5.9 ಕೂಡ ಸಮ ಎಂದು ಉತ್ತರ ಬರುತ್ತದೆ. ನಾನು ಇದನ್ನು ಹುಡುಕಲು ಎರಡು ದಿನ ಕಳೆದಿದ್ದೇನೆ. ಒಂದೇ ಅಕ್ಷರದ ವ್ಯತ್ಯಾಸ, ಕಣ್ಣಿಗೆ ಬೀಳುವುದೇ ಇಲ್ಲ.

ಇಂಟ್‌ಗೆ ಬದಲಿಸಿದಾಗ ಒಂದು ಕಡಿಮೆ

0.29 ಅನ್ನು 100ರಿಂದ ಗುಣಿಸಿ ಇಂಟ್‌ಗೆ ಕಾಸ್ಟ್ ಮಾಡಿದರೆ 28. ಡಬಲ್‌ನಲ್ಲಿ ಗುಣಲಬ್ಧ 28.999999999999996 ಆಗಿರುತ್ತದೆ, ಕಾಸ್ಟ್ ಬಿಂದುವಿನ ನಂತರದ್ದನ್ನು ಕತ್ತರಿಸಿ ಎಸೆಯುತ್ತದೆ. ಹತ್ತಿರದ ಪೂರ್ಣಾಂಕಕ್ಕೆ ದುಂಡು ಮಾಡುವ ಎಲ್‌ರೌಂಡ್ ಬಳಸಿ. ಹಣದ ಲೆಕ್ಕವಾದರೆ ಎಲ್ಲಕ್ಕಿಂತ ಸಣ್ಣ ನಾಣ್ಯದ ಎಣಿಕೆಯಲ್ಲಿ, ಪೂರ್ಣಾಂಕದಲ್ಲೇ ಇಡಿ. ಇದರಲ್ಲಿ ರಾಜಿ ಬೇಡ.

ಒಳಗೆ ಬರುವಾಗಲೇ ಕಸ

ಪ್ರಿಂಟ್‌ಎಫ್‌ಗೆ ಕೊಟ್ಟ ಫ್ಲೋಟ್ ತಾನಾಗಿಯೇ ಡಬಲ್ ಆಗಿ ಹೋಗುತ್ತದೆ, ಅದಕ್ಕೇ ಅಲ್ಲಿ ಎರಡಕ್ಕೂ %ಎಫ್ ನಡೆಯುತ್ತದೆ. ಸಂಖ್ಯೆ ಓದಿಕೊಳ್ಳುವ ಸ್ಕ್ಯಾನ್‌ಎಫ್‌ಗೆ ಕೊಡುವುದು ವೇರಿಯಬಲ್‌ನ ವಿಳಾಸ. ಅಲ್ಲಿ ಫ್ಲೋಟ್‌ಗೆ %ಎಫ್, ಡಬಲ್‌ಗೆ %ಎಲ್‌ಎಫ್ ಎಂದೇ ಇರಬೇಕು. ಡಬಲ್‌ನ ವಿಳಾಸಕ್ಕೆ %ಎಫ್ ಕೊಟ್ಟರೆ ಸಾಮಾನ್ಯವಾಗಿ ಎಂಟು ಬೈಟ್‌ಗಳಲ್ಲಿ ನಾಲ್ಕಕ್ಕೆ ಮಾತ್ರ ಬರೆಯುತ್ತದೆ, ಉಳಿದ ನಾಲ್ಕರಲ್ಲಿ ಹಳೆಯ ಕಸ. ಹಳೆಯ ಕಂಪೈಲರ್‌ಗಳಲ್ಲಿ ಹೆಡರ್ ಸೇರಿಸದೆ, ಪಠ್ಯವನ್ನು ಡಬಲ್ ಮಾಡುವ ಎಟಿಓಎಫ್ ಕರೆದರೂ ಇಂಥದ್ದೇ ಅವಾಂತರ. ಕಂಪೈಲರ್ ಎಚ್ಚರಿಕೆಗಳನ್ನೆಲ್ಲ ಚಾಲೂ ಮಾಡಿದರೆ ಇವೆರಡೂ ಮೊದಲ ದಿನವೇ ಸಿಕ್ಕಿಬೀಳುತ್ತವೆ.

ಇನ್ನೊಂದು ಯಂತ್ರದಿಂದ ಬೈಟ್‌ಗಳು ಬರುತ್ತಿದ್ದರೆ ಅವುಗಳ ಕ್ರಮ ನೋಡಿ. ಕೊನೆಯ ಬೈಟನ್ನು ಮೊದಲು ಇಡುವ ಲಿಟಲ್ ಎಂಡಿಯನ್ ಯಂತ್ರದ ಮೆಮೊರಿಯಲ್ಲಿ ಫ್ಲೋಟ್ 0.1 ಹೀಗೆ ಕೂತಿರುತ್ತದೆ: 205, 204, 204, 61. ಬಿಗ್ ಎಂಡಿಯನ್‌ನಲ್ಲಿ 61 ಮೊದಲು. ಕ್ರಮ ತಿರುಗಿಸದೆ ಓದಿದರೆ ಅದೇ 0.1 ಋಣ 42,94,92,128 ಆಗಿ ಹೊರಬರುತ್ತದೆ. ಸೆನ್ಸರ್ ಹೀಗೆ ಕೋಟಿಗಳಲ್ಲಿ ಮಾತಾಡಲು ಶುರು ಮಾಡಿದರೆ ಮೊದಲು ಈ ನಾಲ್ಕು ಬೈಟ್‌ಗಳನ್ನು ಪ್ರಿಂಟ್ ಮಾಡಿ.

ಸಂಖ್ಯೆಯೇ ಅಲ್ಲದ್ದು ಬಂದರೆ

ತೆರೆಯಲ್ಲಿ ಇನ್ಫ್ (ಅನಂತ) ಅಥವಾ ನ್ಯಾನ್ (ಸಂಖ್ಯೆಯಲ್ಲ) ಕಂಡರೆ ಎಕ್ಸ್‌ಪೋನೆಂಟ್‌ನ ಎಂಟೂ ಬಿಟ್ 1 ಆಗಿವೆ ಎಂದರ್ಥ. ಮ್ಯಾಂಟಿಸಾ ಪೂರ್ತಿ ಸೊನ್ನೆಯಾದರೆ ಅನಂತ, ಒಂದು ಬಿಟ್ ಇದ್ದರೂ ನ್ಯಾನ್. ಇಂಟ್ ಅನ್ನು ಸೊನ್ನೆಯಿಂದ ಭಾಗಿಸಿದರೆ ಬಹಳಷ್ಟು ಯಂತ್ರಗಳಲ್ಲಿ ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ. ಫ್ಲೋಟ್ ಬೀಳುವುದಿಲ್ಲ, ಸದ್ದಿಲ್ಲದೆ ಮುಂದೆ ಹೋಗುತ್ತದೆ. ಅದೇ ಕಷ್ಟ. ಒಂದು ನ್ಯಾನ್ ಹುಟ್ಟಿದರೆ ಅದನ್ನು ಮುಟ್ಟಿದ ಲೆಕ್ಕವೆಲ್ಲ ಹೆಚ್ಚುಕಡಿಮೆ ನ್ಯಾನ್ ಆಗುತ್ತದೆ. ಹಾಗಾಗಿ ಕಾಣಿಸಿದ ಜಾಗ ಬಿಟ್ಟು ಹುಟ್ಟಿದ ಜಾಗ ಹುಡುಕಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವುದು, ಋಣ ಸಂಖ್ಯೆಯ ವರ್ಗಮೂಲ, ಅನಂತದಿಂದ ಅನಂತ ಕಳೆಯುವುದು, ಇವೇ ಮಾಮೂಲಿ ತವರುಮನೆಗಳು. ನ್ಯಾನ್ ತನಗೆ ತಾನೇ ಸಮವಲ್ಲ, ಆದ್ದರಿಂದ == ಹಾಕಿ ಹಿಡಿಯಲಾಗುವುದಿಲ್ಲ. ಈಸ್‌ನ್ಯಾನ್ ಬಳಸಿ. ಆದರೆ ವೇಗಕ್ಕಾಗಿ ಫ್ಲೋಟ್ ನಿಯಮ ಸಡಿಲಿಸುವ ಫಾಸ್ಟ್ ಮ್ಯಾಥ್ ಆಯ್ಕೆ ಹಾಕಿ ಕಂಪೈಲ್ ಮಾಡಿದ್ದರೆ, ನ್ಯಾನ್ ಬರುವುದೇ ಇಲ್ಲ ಎಂದು ಕಂಪೈಲರ್ ನಂಬಿಕೊಂಡು ಆ ಪರೀಕ್ಷೆಯನ್ನೇ ಕಿತ್ತುಹಾಕಬಹುದು. ಡೀಬಗ್ ಬಿಲ್ಡ್ ಸರಿ, ರಿಲೀಸ್ ಬಿಲ್ಡ್ ತಪ್ಪು ಅನ್ನುವಾಗ ಈ ಆಯ್ಕೆಯನ್ನು ಮೊದಲು ತೆಗೆದು ನೋಡಿ.

ಗಡಿಯಾರಕ್ಕೆ ಮಾಡಿದ ಚಿಕಿತ್ಸೆ

ಮೊದಲು ಹೊಳೆದದ್ದು ಫ್ಲೋಟ್ ತೆಗೆದು ಡಬಲ್ ಹಾಕುವುದು. ಹಾಕಿದರೆ ನಡೆಯುತ್ತಿತ್ತು. 2,62,144ರ ಹತ್ತಿರ ಡಬಲ್‌ನ ಗೆರೆಗಳ ಅಂತರ ಒಂದು ಸೆಕೆಂಡಿನ ಸಾವಿರ ಕೋಟಿ ಭಾಗಗಳಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಆ ಬೋರ್ಡಿನ ಪ್ರೊಸೆಸರ್‌ಗೆ ಡಬಲ್ ಲೆಕ್ಕದ ಹಾರ್ಡ್‌ವೇರ್ ಇರಲಿಲ್ಲ. ಇಂಟರಪ್ಟ್ ಒಳಗೆ ಪ್ರತಿ ಸಲ ಅದನ್ನು ಸಾಫ್ಟ್‌ವೇರ್‌ನಲ್ಲಿ ಮಾಡಿಸುವುದು ನನಗೆ ಸರಿ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಂಟರಪ್ಟ್ ಎಣಿಸುವುದು ಪೂರ್ಣಾಂಕದ ಕೆಲಸ. ಅಲ್ಲಿಗೆ ದಶಮಾಂಶ ಯಾಕೆ ಬರಬೇಕು?

ಈಗ ಇಂಟರಪ್ಟ್ ಬಂದಾಗ ಒಂದು ಅನ್‌ಸೈನ್ಡ್ ಇಂಟ್‌ಗೆ 1 ಕೂಡುತ್ತದೆ. ತೋರಿಸುವಾಗ 100ರಿಂದ ಭಾಗಿಸಿದ ಭಾಗಲಬ್ಧ ಸೆಕೆಂಡ್, ಶೇಷ ಬಿಂದುವಿನ ನಂತರದ ಎರಡು ಅಂಕಿ. ಫ್ಲೋಟ್ ಎಲ್ಲೂ ಇಲ್ಲ. ಮೊದಲು 32 ಬಿಟ್ ಇಟ್ಟಿದ್ದೆ. ಅದು 4,29,49,67,295 ಆದ ಮೇಲೆ ಸೊನ್ನೆಗೆ ಮರಳುತ್ತದೆ, ಅಂದರೆ 497 ದಿನಕ್ಕೆ. ಯಂತ್ರ ಅಷ್ಟು ದಿನ ನಿಲ್ಲದೆ ಓಡಬಹುದೇ ಎಂದು ಕೇಳಿದೆ. ಓಡಬಹುದು ಎಂದರು. 64 ಬಿಟ್‌ಗೆ ಬದಲಿಸಿದೆ.